ಶಾಲೆಯ ನೆಟ್ ಬಿಲ್ಲು ಯಾರ ಹೊಣೆ?

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಗುಲ್ಬರ್ಗ, ವಿಜಾಪುರ, ರಾಯಚೂರು ಜಿಲ್ಲೆಗಳ ಕೆಲವು ನೂರು ಹಳ್ಳಿಗಳಲ್ಲಿ ಮಕ್ಕಳು ಬೆಳಗಿನ ಹೊತ್ತು ಉಪಗ್ರಹದಿಂದ ನೇರ ಇಳಿದು ಬರುವ ಕನ್ನಡ ಪಾಠ ನೋಡುತ್ತಿದ್ದರು. ಅದು 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಇಸ್ರೊ ಇದನ್ನು ನಡೆಸಿತು. ಕರ್ನಾಟಕದಲ್ಲಿ ಈ ಮೂರು ಜಿಲ್ಲೆಗಳಿಗೆ ಈ ಭಾಗ್ಯ ಒದಗಿದ್ದು ಹಿಂದುಳಿದಿರುವಿಕೆಯ ಕಾರಣಕ್ಕೆ. ತಂತಿ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್, ಅದರ ಕೆಳಗೊಂದು ಟಿವಿ, ಮುಂದೆ ನೆಲದ ಮೇಲೆ ಕೂತ ಊರಿನ ಮಕ್ಕಳು. ಬೆಳಗಿನ ಶಾಲಾ ಪ್ರಸಾರದಲ್ಲಿ ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ.

ಆ ಪ್ರಯೋಗದಲ್ಲಿ ಉಪಗ್ರಹದಷ್ಟೇ ಮುಖ್ಯವಾದ, ಆದರೆ ಯಾರೂ ಹೆಚ್ಚು ನೆನೆಯದ ಒಂದು ಅಂಶವಿತ್ತು. ಕೆಟ್ಟ ಸೆಟ್ಟನ್ನು ಯಾರು ರಿಪೇರಿ ಮಾಡಬೇಕು, ಬಿಡಿಭಾಗ ಎಲ್ಲಿಂದ ಬರಬೇಕು, ದೂರು ಯಾರಿಗೆ ಮುಟ್ಟಬೇಕು ಎಂಬುದನ್ನು ಟಿವಿ ಊರು ಸೇರುವ ಮೊದಲೇ ತೀರ್ಮಾನಿಸಲಾಗಿತ್ತು. ನಿರ್ವಹಣೆಗೆಂದೇ ಸಿಬ್ಬಂದಿ ಇದ್ದರು, ವಾಹನ ಇತ್ತು. ವರ್ಷ ತುಂಬಿತು, ಉಪಗ್ರಹ ವಾಪಸು ಹೋಯಿತು. 1977ರಲ್ಲಿ ಗುಲ್ಬರ್ಗಕ್ಕೆ ಅದರ ಮುಂದುವರಿಕೆಯಾಗಿ ದೂರದರ್ಶನ ಕೇಂದ್ರವೊಂದು ಬಂತು. ಆಮೇಲೆ ಈ ಸೀಮೆಯ ಸರ್ಕಾರಿ ಶಾಲೆಗಳಿಗೆ ಅಲೆ ಅಲೆಯಾಗಿ ಯಂತ್ರಗಳು ಬರುತ್ತಲೇ ಇವೆ. ರಿಪೇರಿಯ ಜೀಪು ಮಾತ್ರ ಮತ್ತೆ ಬರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಅಂದಿನ ಗುಲ್ಬರ್ಗ, ಇಂದಿನ ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಅಂಚಿನ ತಾಲ್ಲೂಕುಗಳು. ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರ. ಆಳಂದ ತಾಲ್ಲೂಕನ್ನು ಹಾದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಜೇವರ್ಗಿಯ ಹೊಲಗಳನ್ನು ಬಳಸಿ ಮುಂದೆ ಸಾಗುತ್ತದೆ. ತೊಗರಿ, ಜೋಳ, ಕಬ್ಬಿನ ನಾಡು. ಹಂಗಾಮು ಮುಗಿದರೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಈ ಮೂರೂ ಆ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದಾಗ ಜಿಲ್ಲೆಯದು ಶೇ 65ರ ಹತ್ತಿರ ನಿಂತಿತ್ತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇ 91.12, ಮೊದಲ ಸ್ಥಾನ. ಕಲಬುರಗಿಗೆ ಶೇ 42.43, ಕೊನೆಯ ಸ್ಥಾನ.

ಈ ಅಂತರಕ್ಕೆ ಕಂಪ್ಯೂಟರ್ ಇಲ್ಲದಿರುವುದೇ ಕಾರಣ ಎಂದರೆ ಅದು ಸುಳ್ಳಾಗುತ್ತದೆ. ಖಾಲಿ ಬಿದ್ದ ಶಿಕ್ಷಕರ ಹುದ್ದೆ, ಅತಿಥಿ ಶಿಕ್ಷಕರ ಮೇಲೆ ನಿಂತ ತರಗತಿ, ತೊಗರಿ ಕೊಯ್ಲಿಗೆ ಹೋಗುವ ಮಗು, ಊರು ಬಿಡುವ ಪಾಲಕರು ಎಲ್ಲವೂ ಇದರೊಳಗಿವೆ. ಆದರೆ ಗಣಿತಕ್ಕೋ ವಿಜ್ಞಾನಕ್ಕೋ ಮಾಸ್ತರರೇ ಇಲ್ಲದ ಶಾಲೆಗೆ ಪಕ್ಕದ ತಾಲ್ಲೂಕಿನ ಒಳ್ಳೆಯ ಪಾಠವೊಂದು ಪರದೆಯ ಮೇಲಾದರೂ ತಲುಪಬೇಕಲ್ಲ ಎಂಬ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟುತ್ತದೆ.

ತಲುಪಿಸುವ ಯತ್ನಗಳಿಗೇನೂ ಕೊರತೆಯಿಲ್ಲ. 2001ರಲ್ಲಿ ರಾಜ್ಯ ಸರ್ಕಾರ 'ಮಾಹಿತಿ ಸಿಂಧು' ಹೆಸರಿನಲ್ಲಿ ಒಂದು ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿತು. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಅದರ ಪ್ರಯೋಗಕ್ಕೆ ಆರಿಸಿದ್ದು ಚಾಮರಾಜನಗರವನ್ನು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೇಂದ್ರದ 'ಐಸಿಟಿ ಅಟ್ ಸ್ಕೂಲ್ಸ್' ಯೋಜನೆ. 2016–17ರಲ್ಲಿ ಶಿಕ್ಷಕರಿಗೇ ತರಬೇತಿ ಕೊಟ್ಟು ಅವರಿಂದ ತಂತ್ರಜ್ಞಾನ ಬಳಸಿ ಪಾಠ ಮಾಡಿಸುವ 'ಟಾಲ್ಪ್'. 2017ರ ಶಿಕ್ಷಕರ ದಿನದಂದು 'ದೀಕ್ಷಾ' ವೇದಿಕೆ. ಆಮೇಲೆ ಸ್ಮಾರ್ಟ್ ಕ್ಲಾಸು, ಟ್ಯಾಬ್, ದೊಡ್ಡ ಪರದೆ.

ಹೆಸರುಗಳು ಬದಲಾದರೂ ಕತೆ ಮಾತ್ರ ಒಂದೇ ದಾರಿಯಲ್ಲಿ ಸಾಗಿತು. ಐಸಿಟಿ ಯೋಜನೆಯಲ್ಲಿ ಹೆಚ್ಚು ಬಳಕೆಯಾದದ್ದು 'ಬೂಟ್' ಎಂಬ ಗುತ್ತಿಗೆ ಪದ್ಧತಿ. ಖಾಸಗಿ ಕಂಪನಿ ಕಂಪ್ಯೂಟರ್ ತಂದು ಕೂಡಿಸುತ್ತದೆ, ತನ್ನದೇ ಕಂಪ್ಯೂಟರ್ ಶಿಕ್ಷಕರನ್ನು ನೇಮಿಸುತ್ತದೆ, ಐದು ವರ್ಷ ನಡೆಸುತ್ತದೆ, ಆಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೊರಡುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಶಾಲೆಯ ಕೈಗೆ ಸಿಗುವ ಹೊತ್ತಿಗೆ ಯಂತ್ರಕ್ಕೆ ಐದು ವರ್ಷ ವಯಸ್ಸಾಗಿರುತ್ತದೆ, ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ, ವಾರಂಟಿ ಮುಗಿದಿರುತ್ತದೆ, ಅದನ್ನು ಬಲ್ಲ ಶಿಕ್ಷಕರ ಗುತ್ತಿಗೆಯೂ ಮುಗಿದಿರುತ್ತದೆ. ಐದು ವರ್ಷ ಆ ಕೋಣೆಯೊಳಗೆ ಹೊರಗಿನವರದೇ ರಾಜ್ಯಭಾರ ಆಗಿದ್ದರಿಂದ ಶಾಲೆಯ ಖಾಯಂ ಶಿಕ್ಷಕರು ಅಲ್ಲಿ ಕಾಲಿಟ್ಟಿದ್ದೇ ಕಡಿಮೆ. ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತು ಕಂಪ್ಯೂಟರ್ ಇವೆ. ಒಂದು ಕಳುವಾದರೆ ಮುಖ್ಯೋಪಾಧ್ಯಾಯರ ತಲೆಗೆ ಬರುತ್ತದೆ. ಹಾಗಾಗಿ ಬೀಗ.

ಬೀಗ ಹಾಕಿದ ಮುಖ್ಯೋಪಾಧ್ಯಾಯರನ್ನು ಬೈಯುವುದು ಸುಲಭ. ಕೆಟ್ಟ ಕಂಪ್ಯೂಟರನ್ನು ರಿಪೇರಿ ಮಾಡಿಸಲು ಅವರ ಬಳಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಹಣವಿದೆ ಎಂದು ಕೇಳಿದವರು ಕಡಿಮೆ.

ಇಂಟರ್‌ನೆಟ್ಟಿನ ಮಾತಿಗೆ ಬಂದರೆ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಸಂಯುಕ್ತ ಅನುದಾನ ಸಿಗುತ್ತದೆ. ಯೋಜನೆಯ ಪ್ರಮಾಣದಂತೆ 30 ಮಕ್ಕಳವರೆಗಿನ ಶಾಲೆಗೆ 10 ಸಾವಿರ ರೂಪಾಯಿ, 100 ಮಕ್ಕಳವರೆಗೆ 25 ಸಾವಿರ. ಸೀಮೆಸುಣ್ಣ, ರಿಜಿಸ್ಟರು, ಸ್ವಚ್ಛತೆ, ಸಣ್ಣಪುಟ್ಟ ದುರಸ್ತಿ, ಇಂಟರ್‌ನೆಟ್ ಎಲ್ಲವೂ ಇದರೊಳಗೇ. ತಿಂಗಳಿಗೆ 500 ರೂಪಾಯಿಯ ಬ್ರಾಡ್‌ಬ್ಯಾಂಡ್ ಎಂದಿಟ್ಟುಕೊಂಡರೂ ವರ್ಷಕ್ಕೆ 6 ಸಾವಿರ. ತಾಂಡಾದ ಸಣ್ಣ ಶಾಲೆಯೊಂದು ತನ್ನ ಇಡೀ ವರ್ಷದ ಅನುದಾನದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೆಟ್ಟಿಗೇ ಸುರಿಯಬೇಕು. ಸುರಿಯುವುದಿಲ್ಲ, ಸಹಜವಾಗಿ. ಮಾಸ್ತರರು ತಮ್ಮ ಕಿಸೆಯಿಂದ ಮೊಬೈಲ್ ರೀಚಾರ್ಜ್ ಮಾಡಿಸಿಕೊಂಡು ಹಾಟ್‌ಸ್ಪಾಟ್ ಹಾಕುತ್ತಾರೆ. 'ಶಾಲೆಯಲ್ಲಿ ಇಂಟರ್‌ನೆಟ್ ಇದೆಯೇ' ಎಂಬ ಅಂಕಣದಲ್ಲಿ 'ಹೌದು' ಎಂದು ಬರೆದರೆ ಅದರ ಹಿಂದೆ ಇಂಥ ಹಾಟ್‌ಸ್ಪಾಟೂ ಇರಬಹುದು.

ಆದ್ದರಿಂದ ರಾಷ್ಟ್ರೀಯ ಅಂಕಿಗಳನ್ನು ತುಸು ಎಚ್ಚರದಿಂದ ಓದಬೇಕು. ಶಾಲೆಗಳ ವಾರ್ಷಿಕ ಲೆಕ್ಕ ಹಿಡಿಯುವ ಯು-ಡೈಸ್ ಪ್ಲಸ್ ವರದಿಯಂತೆ 2023–24ರಲ್ಲಿ ದೇಶದ ಶೇ 53.9ರಷ್ಟು ಶಾಲೆಗಳಲ್ಲಿ ಇಂಟರ್‌ನೆಟ್ ಇತ್ತು. 2024–25ಕ್ಕೆ ಅದು ಶೇ 63.5ಕ್ಕೆ ಏರಿತು. ಒಂದೇ ವರ್ಷದಲ್ಲಿ ಇಷ್ಟು ಏರಿಕೆ ಸಣ್ಣದಲ್ಲ. ಆದರೆ ಆ ಸಂಪರ್ಕ ಮಗುವಿನ ಕೈಗೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂಬುದು 'ಹೌದು–ಇಲ್ಲ' ಅಂಕಣದಿಂದ ತಿಳಿಯುವುದಿಲ್ಲ.

ತಂತಿ ಎಲ್ಲಿಯವರೆಗೆ ಬಂದಿದೆ? 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ 'ಭಾರತ್‌ನೆಟ್' ಎಂದು ಹೆಸರಾಯಿತು. ಗುರಿ ಇದ್ದದ್ದು ಗ್ರಾಮ ಪಂಚಾಯಿತಿ ಕಟ್ಟಡದವರೆಗೆ. ಪಂಚಾಯಿತಿಯಿಂದ ಶಾಲೆಗಿರುವ ಆ ಕೊನೆಯ ಫರ್ಲಾಂಗು ಯಾರದು ಎಂಬುದು ಬಹುಕಾಲ ತೇಲುತ್ತಲೇ ಇತ್ತು. 2025ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಎಲ್ಲ ಸರ್ಕಾರಿ ಪ್ರೌಢಶಾಲೆಗಳಿಗೆ ಭಾರತ್‌ನೆಟ್ ಮೂಲಕ ಬ್ರಾಡ್‌ಬ್ಯಾಂಡ್ ಕೊಡುವ ಘೋಷಣೆ ಬಂತು. ಸ್ವಾಗತಾರ್ಹ, ಅನುಮಾನವಿಲ್ಲ. ಆದರೆ ಈ ತಾಲ್ಲೂಕುಗಳ ಹಳ್ಳಿ–ತಾಂಡಾಗಳಲ್ಲಿ ಇರುವುದು ಹೆಚ್ಚಾಗಿ ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಳು. ಓದು–ಬರಹದ ಬುನಾದಿ ಬೀಳುವುದೂ, ಬೀಳದೆ ಉಳಿಯುವುದೂ ಅಲ್ಲಿಯೇ. ಅವು ಈ ಘೋಷಣೆಯ ಹೊರಗಿವೆ.

ಹತ್ತಿರದಲ್ಲೇ ಇರುವ ವೈರುಧ್ಯವೊಂದನ್ನು ನೋಡದೆ ಮುಂದೆ ಹೋಗಲಾಗದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, 2009ರಲ್ಲಿ ಸ್ಥಾಪನೆಯಾದದ್ದು. ಇಂಥ ವಿಶ್ವವಿದ್ಯಾಲಯಗಳನ್ನು ಗಿಗಾಬಿಟ್ ವೇಗದಲ್ಲಿ ಬೆಸೆಯಲೆಂದು 2010ರಲ್ಲೇ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ ಮಂಜೂರಾತಿ ಕೊಟ್ಟಿತ್ತು. ದೆಹಲಿಯ ಗ್ರಂಥಾಲಯವನ್ನು ಕಡಗಂಚಿಗೆ ತರುವ ಯೋಜನೆ ಹದಿನೈದು ವರ್ಷ ಹಿಂದೆಯೇ ಸಿದ್ಧವಿತ್ತು, ಅದೇ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಗೆ ಪಾಠದ ವಿಡಿಯೊ ತಲುಪಿಸುವ ಯೋಜನೆ ಇನ್ನೂ ಘೋಷಣೆಯ ಹಂತದಲ್ಲೂ ಇಲ್ಲ.

ಹಾಗೆಂದು ಶಾಲೆಯ ಬದುಕಿನಲ್ಲಿ ಇಂಟರ್‌ನೆಟ್ಟೇ ಇಲ್ಲ ಎಂದರೆ ಮಾಸ್ತರರು ನಗುತ್ತಾರೆ. ಅವರಿಗೆ ದಿನ ಬೆಳಗಾದರೆ ಅದೇ ಕೆಲಸ. ಮಕ್ಕಳ ದಾಖಲಾತಿ, ಹಾಜರಾತಿ, ಅಂಕಗಳು ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಬೇಕು. ಶಾಲೆಯ ಗೋಡೆ, ಶೌಚಾಲಯ, ಕೊಳಾಯಿಗಳ ಲೆಕ್ಕ ಯು-ಡೈಸ್‌ಗೆ ಹೋಗಬೇಕು. ಬಿಸಿಯೂಟದ ತಟ್ಟೆ ಎಷ್ಟು ಎಂಬುದನ್ನೂ ಮೇಲೆ ತಿಳಿಸಬೇಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ, ಅದಕ್ಕೆ ಆಧಾರ್ ಜೋಡಣೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಹಣ ನಿಂತಿತು. ಪಾಲಕರು ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಊರಿನ ಸೈಬರ್ ಅಂಗಡಿಗೆ ಬರಬೇಕು. 'ಸರ್ವರ್ ಬಿಜಿ ಅದರಿ, ನಾಳಿ ಬರ್ರಿ' ಎಂದರೆ ಇನ್ನೊಂದು ದಿನದ ಕೂಲಿ.

ಅಂದರೆ ಈ ಭಾಗದ ಶಾಲೆಗಳಲ್ಲಿ ಜಾಲ ಮೇಲ್ಮುಖವಾಗಿ ಮಾತ್ರ ಹರಿಯುತ್ತಿದೆ. ಶಾಲೆಯಿಂದ ಬಿಇಒ ಕಚೇರಿಗೆ, ಅಲ್ಲಿಂದ ಕಲಬುರಗಿಗೆ, ಅಲ್ಲಿಂದ ಬೆಂಗಳೂರಿಗೆ ವರದಿ ಒಯ್ಯಲು ಅದು ಬೇಕು. ಪಾಠವನ್ನು ಕೆಳಕ್ಕೆ ಇಳಿಸುವ ಹೊತ್ತಿಗೆ ಸಿಗ್ನಲ್ ಸಿಗುವುದಿಲ್ಲ.

ಇದಕ್ಕೆ ಎದ್ದು ಕಾಣುವ ಉದಾಹರಣೆ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಕಲು ತಡೆಯಲು ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕ್ಯಾಮೆರಾ ತನ್ನ ಕೆಲಸ ಮಾಡಿತು, ಸರಿ. ನಕಲಿಗೆ ಕಡಿವಾಣ ಬೇಕೇ ಬೇಕಿತ್ತು. ಆದರೆ ಪರೀಕ್ಷೆಯ ಆರು ದಿನ ಪ್ರತಿ ಕೇಂದ್ರದಿಂದಲೂ ನೇರ ದೃಶ್ಯ ಜಿಲ್ಲಾ ಕೇಂದ್ರಕ್ಕೆ ಹರಿಯುವಂತೆ ನೋಡಿಕೊಳ್ಳಬಲ್ಲ ಆಡಳಿತಕ್ಕೆ, ಉಳಿದ ದಿನಗಳಲ್ಲಿ ಒಂದು ವಿಜ್ಞಾನ ಪಾಠ ಅದೇ ದಾರಿಯಲ್ಲಿ ಹಿಂದಿರುಗುವಂತೆ ಮಾಡುವುದು ಏಕೆ ಆಗಲಿಲ್ಲ?

ತಂತ್ರಜ್ಞಾನದ ಅರಿವು ಅಡ್ಡದಾರಿ ಹಿಡಿದವರ ಬಳಿ ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೂ ಈ ಜಿಲ್ಲೆಯಲ್ಲೇ ಸಾಕ್ಷಿಯಿದೆ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ನೇಮಕಾತಿ ಪರೀಕ್ಷೆಯ ವೇಳೆ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಬ್ಲೂಟೂತ್ ಇಟ್ಟುಕೊಂಡು ಬಂದ ಅಭ್ಯರ್ಥಿಗಳು ಸಿಕ್ಕಿಬಿದ್ದರು. ಅದೇ ವರ್ಷದ ವಿಧಾನಸಭೆ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯುವಂತೆ ಆನ್‌ಲೈನ್ ಮೂಲಕ 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಚುನಾವಣಾ ಆಯೋಗವೇ ಹೇಳಿದಂತೆ ಅದರಲ್ಲಿ ಸರಿಯಾದವು 24. ಉಳಿದ 5,994 ತಿರಸ್ಕೃತವಾದವು. ತಮ್ಮ ಹೆಸರಿನಲ್ಲಿ ಅರ್ಜಿ ಹೋಗಿರುವುದೇ ಗೊತ್ತಿಲ್ಲ ಎಂದ ಜನರಿದ್ದರು. ಮುಂದೆ ತನಿಖೆಗೆ ವಿಶೇಷ ತಂಡವೂ ರಚನೆಯಾಯಿತು. ರಾಜಕೀಯದ ವಾದ–ವಿವಾದ ಬದಿಗಿರಲಿ. ಒಟಿಪಿ ಎಂದರೇನು, ತನ್ನ ಹೆಸರು–ಮೊಬೈಲ್ ಸಂಖ್ಯೆಯನ್ನು ಇನ್ನೊಬ್ಬರು ಹೇಗೆ ಬಳಸಬಹುದು ಎಂಬುದನ್ನು ಹತ್ತನೇ ತರಗತಿ ದಾಟುವ ಮಗು ತಿಳಿದಿರಬೇಕು ಎಂದು ವಾದಿಸಲು ಬೇರೆ ನಿದರ್ಶನ ಹುಡುಕಬೇಕಿಲ್ಲ.

ಕೋವಿಡ್ ಕಾಲ ಈ ಕೊರತೆಯನ್ನೆಲ್ಲ ಒಂದೇ ಏಟಿಗೆ ಬಯಲಿಗೆಳೆಯಿತು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಶಾಲೆಗಳು ಮುಚ್ಚಿದವು. ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿಯೇ ಬೇಡ ಎಂದು ರಾಜ್ಯ ಸರ್ಕಾರ ಜೂನ್‌ನಲ್ಲಿ ನಿಷೇಧಿಸಿತು. ಅದು ಶಿಕ್ಷಣದ ಹಕ್ಕಿಗೆ ಅಡ್ಡಿ ಎಂದು ಜುಲೈ 8ರಂದು ಹೈಕೋರ್ಟ್ ತಡೆಯಾಜ್ಞೆ ನೀಡಿತು. ನ್ಯಾಯಾಲಯದಲ್ಲಿ ನಡೆದ ಈ ಚರ್ಚೆ ಬಹುಮಟ್ಟಿಗೆ ನಗರದ ಖಾಸಗಿ ಶಾಲೆಗಳ ಸುತ್ತ ಇತ್ತು. ಭೀಮಾ ದಂಡೆಯ ಹಳ್ಳಿಗಳಿಗೆ ನಿಜವಾಗಿ ತಲುಪಿದ್ದು ಎರಡು: ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ 'ಸಂವೇದ' ಪಾಠ, ಮತ್ತು ಶಿಕ್ಷಕರೇ ಊರೊಳಗೆ ಬಂದು ಗುಡಿಯ ಕಟ್ಟೆ, ಮರದ ನೆರಳಲ್ಲಿ ಕೂಡಿಸಿ ಕಲಿಸಿದ 'ವಿದ್ಯಾಗಮ'. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತು. ಅದೇ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಪಾಠದ ಪುಸ್ತಕ, ಮನೆಯ ಟಿವಿ, ಚಾರ್ಜು ಮಾಡಲು ಕರೆಂಟು ಯಾವುದೂ ಇಲ್ಲದ ವಾರಗಳು ಅವು.

ಅದೇ ವರ್ಷ ಕನ್ನಡದ್ದೇ ಇನ್ನೊಂದು ತುದಿಯಲ್ಲಿ ಬೇರೆಯದೇ ಚಿತ್ರವಿತ್ತು. ಕೇರಳದಲ್ಲಿ ಜೂನ್ 1ರಿಂದಲೇ 'ಫಸ್ಟ್ ಬೆಲ್' ಪಾಠಗಳು ಪ್ರಸಾರವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೂ ಪಾಠ ತಯಾರಾಯಿತು. ಇದು ಆ ಕ್ಷಣಕ್ಕೆ ಹೊಳೆದ ಉಪಾಯವಾಗಿರಲಿಲ್ಲ. 2001ರಲ್ಲಿ ಕರ್ನಾಟಕದ ಮಾಹಿತಿ ಸಿಂಧು ಹೊರಟ ಕಾಲಕ್ಕೇ ಕೇರಳದ 'ಐಟಿ ಅಟ್ ಸ್ಕೂಲ್' ಕೂಡ ಹೊರಟಿತ್ತು. ಕರ್ನಾಟಕದಲ್ಲಿ ಯೋಜನೆಗಳು ಒಂದರ ಹಿಂದೊಂದು ಹೆಸರು ಬದಲಿಸಿದವು. ಕೇರಳದಲ್ಲಿ ಅದೇ ಯೋಜನೆ 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಗಿ ಬೆಳೆಯಿತು. 2018ರಿಂದ 4,752 ಶಾಲೆಗಳ 45 ಸಾವಿರ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟಾಗ ಐದು ವರ್ಷದ ವಾರಂಟಿ, ದೂರು ಕೊಡಲು ಪೋರ್ಟಲ್, ರಿಪೇರಿ ತಡವಾದರೆ ಕಂಪನಿಗೆ ದಂಡ ಎಲ್ಲವೂ ಒಪ್ಪಂದದಲ್ಲೇ ಇದ್ದವು. ತಂತ್ರಾಂಶ ಉಚಿತ, ಮುಕ್ತ. ಪರವಾನಗಿ ಶುಲ್ಕದ ತಲೆನೋವಿಲ್ಲ. ಹೊರಗಿನ ಕಂಪ್ಯೂಟರ್ ಶಿಕ್ಷಕರ ಬದಲು ಶಾಲೆಯ ಶಿಕ್ಷಕರಿಗೇ ತರಬೇತಿ. 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕ್ಲಬ್ಬಿನ ಮಕ್ಕಳು ಸಣ್ಣಪುಟ್ಟ ತೊಂದರೆಗಳನ್ನು ತಾವೇ ನೋಡಿಕೊಳ್ಳುತ್ತಾರೆ.

ಕೇರಳದ ಸಾಕ್ಷರತೆಯೇ ಬೇರೆ, ಅಲ್ಲಿನ ಹೋಲಿಕೆ ಇಲ್ಲಿಗೆ ಸಲ್ಲದು ಎನ್ನುವವರಿಗೆ ಹತ್ತಿರದ ಉದಾಹರಣೆಯೂ ಇದೆ. ಆಳಂದ, ಅಫಜಲಪುರದ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ 2020ರ ಡಿಸೆಂಬರ್‌ನಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ, ಅದರ ಮೂಲಕ ಪದ್ಯ, ಕತೆ, ವಿಡಿಯೊ ಮಗುವಿಗೆ ಸಿಗುವಂತೆ ಮಾಡಿದ್ದು ಅವರಿಗೆ ಹೆಸರು ತಂದ ಕೆಲಸ. ಮಹಾರಾಷ್ಟ್ರ ಅದನ್ನು ಎಲ್ಲ ತರಗತಿಗಳಿಗೆ ವಿಸ್ತರಿಸಿತು. ಇಂದು ಕರ್ನಾಟಕದ ಪಠ್ಯಪುಸ್ತಕಗಳಲ್ಲೂ ಆ ಚೌಕಗಳಿವೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ತೆರೆದುಕೊಳ್ಳುತ್ತದೆ. ತೆರೆಯಲು ಫೋನು, ಫೋನಿಗೆ ಡೇಟಾ ಇದ್ದರೆ.

ಫೋನು ಮನೆಯಲ್ಲಿದೆ ಎಂಬುದು ಈಗಿನ ಉತ್ತರ. ಅದು ಪೂರ್ತಿ ಸುಳ್ಳೂ ಅಲ್ಲ. 2024ರ 'ಅಸರ್' ಸಮೀಕ್ಷೆಯಂತೆ ಗ್ರಾಮೀಣ ಭಾರತದ 14–16 ವಯಸ್ಸಿನ ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಶೇ 82ರಷ್ಟು ಮಕ್ಕಳಿಗೆ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಬಲ್ಲವರಲ್ಲಿ ಸ್ವಂತ ಫೋನು ಇದ್ದ ಹುಡುಗರು ಶೇ 36, ಹುಡುಗಿಯರು ಶೇ 27. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದವರು ಶೇ 35, ಪುರುಷರಲ್ಲಿ ಶೇ 62. ಗುಳೆ ಹೋಗುವ ಮನೆಯಲ್ಲಿ ಇರುವ ಒಂದೇ ಫೋನು ಅಪ್ಪನ ಜೊತೆ ಪುಣೆಗೆ ಹೋಗುತ್ತದೆ. ಅಜ್ಜಿಯ ಬಳಿ ಉಳಿದ ಹುಡುಗಿಗೆ ಕೀಲಿಮಣೆ ಮುಟ್ಟುವ ಜಾಗ ಶಾಲೆ ಬಿಟ್ಟರೆ ಇನ್ನೊಂದಿಲ್ಲ. ಶಾಲೆಯಲ್ಲಿ ನೆಟ್ ಬೇಕು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಕಾರಣ ಸಿಗುವುದು ಕಷ್ಟ.

ಯಂತ್ರ ಇದ್ದರೆ ಕಲಿಕೆ ತಾನಾಗಿ ಆಗುತ್ತದೆಯೇ? ಇಲ್ಲ ಎಂದು ಹೇಳುವ ಪುರಾವೆ ಬೇಕಾದಷ್ಟಿದೆ. ಪೆರು ದೇಶ ಬಡ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳ ಅಧ್ಯಯನದಲ್ಲಿ ಗಣಿತ, ಭಾಷೆಯ ಅಂಕಗಳು ಏರಿದ್ದು ಕಾಣಲಿಲ್ಲ. ಆ ಶಾಲೆಗಳಲ್ಲಿ ಹೆಚ್ಚಿನವಕ್ಕೆ ಇಂಟರ್‌ನೆಟ್ ಇರಲಿಲ್ಲ, ಶಿಕ್ಷಕರಿಗೆ ಅದನ್ನು ಪಾಠಕ್ಕೆ ಒಗ್ಗಿಸುವ ತರಬೇತಿಯೂ ಸಾಕಷ್ಟಿರಲಿಲ್ಲ. ಈ ಪ್ರದೇಶದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೂಡ ತನ್ನ ಆರಂಭದ ವರ್ಷಗಳಲ್ಲಿ ಸಾವಿರಾರು ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕೆ ನಡೆಸಿ, ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲವೆಂದು ಕಂಡು ಕೈಬಿಟ್ಟು, ಶಿಕ್ಷಕರ ಸಾಮರ್ಥ್ಯದ ಕಡೆ ತಿರುಗಿತು. ಸಾಫ್ಟ್‌ವೇರ್ ಉದ್ಯಮದಿಂದಲೇ ಬಂದ ಹಣದಲ್ಲಿ ನಡೆಯುವ ಸಂಸ್ಥೆಯೊಂದು ಹೀಗೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಇನ್ನೊಂದು ಕಡೆ ದೆಹಲಿಯಲ್ಲಿ 2015ರಲ್ಲಿ 619 ಮಕ್ಕಳೊಂದಿಗೆ ನಡೆದ 'ಮೈಂಡ್‌ಸ್ಪಾರ್ಕ್' ಅಧ್ಯಯನವಿದೆ. ಏಳನೇ ತರಗತಿಯ ಮಗು ಮೂರನೇ ತರಗತಿಯ ಗಣಿತದಲ್ಲಿ ನಿಂತಿದ್ದರೆ ತಂತ್ರಾಂಶ ಅಲ್ಲಿಂದಲೇ ಪಾಠ ಶುರುಮಾಡುತ್ತದೆ, ಜೊತೆಗೆ ಸಣ್ಣ ಗುಂಪಿಗೊಬ್ಬ ಬೋಧಕ ಇರುತ್ತಾರೆ. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಎದ್ದು ಕಾಣುವ ಏರಿಕೆ ಕಂಡಿತು. ಒಂದೇ ಕೋಣೆಯಲ್ಲಿ ಎರಡು–ಮೂರು ತರಗತಿ ನಡೆಸುವ ಜೇವರ್ಗಿ ಕಡೆಯ ಶಾಲೆಗೆ ಬೇಕಾದದ್ದು ಈ ಬಗೆಯದು, ಗೋಡೆಗೆ ತೂಗುಹಾಕಿದ ದೊಡ್ಡ ಪರದೆಯಲ್ಲ. ಪರದೆಯ ಮೇಲೆ ಬರುವ ಪಾಠವೂ ಮಾಸ್ತರರ ಮಾತಿನಂತೆ ಎಲ್ಲ ಮಕ್ಕಳಿಗೆ ಒಂದೇ ವೇಗದಲ್ಲಿ ಓಡಿದರೆ ಹಿಂದೆ ಬಿದ್ದ ಮಗು ಮತ್ತೂ ಹಿಂದೆಯೇ.

ಅಲ್ಲಿ ಭಾಷೆಯ ತೊಡಕು ಎದುರಾಗುತ್ತದೆ. ಈ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳ ಜೊತೆ ಉರ್ದು ಶಾಲೆಗಳಿವೆ, ಆಳಂದದ ಗಡಿಯಲ್ಲಿ ಮರಾಠಿ ಶಾಲೆಗಳೂ ಇವೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಬೆಂಗಳೂರಿನ ಸ್ಟುಡಿಯೊದಲ್ಲಿ ತಯಾರಾದ ಕನ್ನಡ ವಿಡಿಯೊ ಕಲಬುರಗಿಯ ಕನ್ನಡ ಆಡುವ ಮಗುವಿಗೇ ತುಸು ದೂರ. ಲಂಬಾಣಿ ಮಗುವಿಗೆ ಅದು ಎರಡು ಹೆಜ್ಜೆ ದೂರ. ಈ ಪಾಠಗಳನ್ನು ಈ ಭಾಗದ ಶಿಕ್ಷಕರೇ ಮಾಡಬೇಕು. ಕಲಬುರಗಿಯಲ್ಲಿ ಆಕಾಶವಾಣಿ ಇದೆ, ದೂರದರ್ಶನ ಕೇಂದ್ರದ ಇತಿಹಾಸವಿದೆ, ಶಿಕ್ಷಕರ ತರಬೇತಿಯ ಡಯಟ್ ಇದೆ, ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಇಲ್ಲಿ ಪಾಠ ಮಾಡಬಲ್ಲವರಿಗೆ, ಚಿತ್ರೀಕರಿಸುವವರಿಗೆ ಬರವಿಲ್ಲ.

ನೆಟ್ ದಿನವಿಡೀ ಸಿಗದಿದ್ದರೂ ದಾರಿಯಿದೆ. 'ಕೊಲಿಬ್ರಿ'ಯಂಥ ಉಚಿತ ತಂತ್ರಾಂಶಗಳು ಶಾಲೆಯಲ್ಲೇ ಒಂದು ಸಣ್ಣ ಸರ್ವರ್ ಇಟ್ಟು, ಪಾಠಗಳನ್ನು ಒಮ್ಮೆ ಇಳಿಸಿಕೊಂಡು, ಆಮೇಲೆ ಇಂಟರ್‌ನೆಟ್ ಇಲ್ಲದೆಯೇ ತರಗತಿಯ ಎಲ್ಲ ಟ್ಯಾಬುಗಳಿಗೆ ಹಂಚುತ್ತವೆ. ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ತಿಂಗಳಿಗೊಮ್ಮೆ ಶಾಲೆಗೆ ಬಂದಾಗ ಪೆನ್‌ಡ್ರೈವ್‌ನಲ್ಲಿ ಹೊಸ ಪಾಠ ತಂದರೂ ಸಾಕು. ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿ ಕಂಪ್ಯೂಟರ್ ಪಡೆದಿವೆ. ಭಾರತ್‌ನೆಟ್ ತಂತಿ ಹೇಗೂ ಪಂಚಾಯಿತಿಗೇ ಬರುತ್ತದೆ. ಶಾಲೆಗೂ ಅರಿವು ಕೇಂದ್ರಕ್ಕೂ ಒಂದೇ ಸಂಪರ್ಕ, ಒಂದೇ ಬಿಲ್ಲು ಮಾಡಿದರೆ ಶಾಲೆ ಬಿಟ್ಟ ಮೇಲೂ ಮಗುವಿಗೆ ಕೂರಲು ಜಾಗವಾದೀತು. ಎರಡು ಇಲಾಖೆಗಳು ಒಂದು ಕಡತಕ್ಕೆ ಸಹಿ ಹಾಕಬೇಕು; ಕಷ್ಟದ ಭಾಗ ಅದೇ.

ಹಣದ ಮಾತು ಕೊನೆಗೆ ಉಳಿಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ತಿದ್ದುಪಡಿಯ ನಂತರ ಕಲ್ಯಾಣ ಕರ್ನಾಟಕಕ್ಕೆ ಹಣವೇ ಇಲ್ಲ ಎನ್ನುವ ಕಾಲ ಹೋಯಿತು. ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5 ಸಾವಿರ ಕೋಟಿ ರೂಪಾಯಿ ಘೋಷಣೆಯಾಗಿದೆ. ಮಂಡಳಿಯ ಈಗಿನ ಅಧ್ಯಕ್ಷರು ಜೇವರ್ಗಿ ಕ್ಷೇತ್ರದ ಶಾಸಕರೇ. ಶಿಕ್ಷಣಕ್ಕೆಂದು 'ಅಕ್ಷರ ಆವಿಷ್ಕಾರ' ಎಂಬ ಕಾರ್ಯಕ್ರಮವೂ ಇದೆ. ಆದರೆ ಇಂಥ ಹಣಕ್ಕೆ ಕಟ್ಟಡವಾಗುವ ಒಲವು ಹೆಚ್ಚು. ಕೊಠಡಿಗೆ ಅಡಿಗಲ್ಲು ಇಡಬಹುದು, ಉದ್ಘಾಟನೆ ಮಾಡಬಹುದು, ಗೋಡೆಗೆ ಫಲಕ ಹಾಕಬಹುದು. ಯುಪಿಎಸ್ ಬ್ಯಾಟರಿ ಬದಲಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಸಮಗ್ರ ಶಿಕ್ಷಣದ ಪ್ರಮಾಣದಲ್ಲಿ ಐಸಿಟಿ ಪ್ರಯೋಗಾಲಯಕ್ಕೆ 6.40 ಲಕ್ಷ ರೂಪಾಯಿ ಒಂದು ಬಾರಿಗೆ, ಆಮೇಲೆ ವರ್ಷಕ್ಕೆ 2.40 ಲಕ್ಷದವರೆಗೆ ನಿರ್ವಹಣೆಗೆ. ನಿರ್ವಹಣೆಯ ಹಣ ಐದೇ ವರ್ಷ. ಆರನೇ ವರ್ಷದ ಬಗ್ಗೆ ಯೋಜನೆ ಮೌನ, 'ಬೂಟ್' ಗುತ್ತಿಗೆ ಮೌನವಾಗಿದ್ದ ಜಾಗದಲ್ಲೇ.

ಇಲ್ಲಿ ರಾಜ್ಯ ಸರ್ಕಾರವೇ ಹಾಕಿಕೊಂಡ ಒಂದು ಮೇಲ್ಪಂಕ್ತಿಯಿದೆ. ಸರ್ಕಾರಿ ಶಾಲೆಗಳಿಗೆ ವಿದ್ಯುತ್, ನೀರು ಉಚಿತ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಘೋಷಿಸಿದರು. ಅಲ್ಲಿಯವರೆಗೆ ಜೆಸ್ಕಾಂ ಬಿಲ್ಲು ಕಟ್ಟುವುದು ಮುಖ್ಯೋಪಾಧ್ಯಾಯರ ತಿಂಗಳ ತಲೆಬೇನೆಯಾಗಿತ್ತು. ಬಾಕಿ ಉಳಿದರೆ ಕಂಪ್ಯೂಟರಿನ ಜೊತೆ ಫ್ಯಾನೂ ನಿಲ್ಲುತ್ತಿತ್ತು. ವಿದ್ಯುತ್ತಿನ ಬಿಲ್ಲನ್ನು ಶಾಲೆಯ ಹೆಗಲಿಂದ ಇಳಿಸಿದ ಸರ್ಕಾರ ನೆಟ್ಟಿನ ಬಿಲ್ಲನ್ನೂ ಅದೇ ಲೆಕ್ಕಕ್ಕೆ ಸೇರಿಸಬಹುದು. ಅದರ ಜೊತೆಗೆ ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಒಬ್ಬ ಖಾಯಂ ತಂತ್ರಜ್ಞ, ಒಂದು ಬಿಡಿಭಾಗಗಳ ಕಪಾಟು, ಒಂದು ದೂರು ಸಂಖ್ಯೆ. ಆಳಂದ, ಅಫಜಲಪುರ, ಜೇವರ್ಗಿಗೆ ಮೊದಲ ವರ್ಷ ಬೇಕಾಗುವುದು ಮೂರು ಹುದ್ದೆ. 5 ಸಾವಿರ ಕೋಟಿಯ ಮಂಡಳಿಗೆ ಮೂರು ಸಂಬಳ ಭಾರವಾಗಲಾರದು. ಈಗ ಅಳವಡಿಸುತ್ತಿರುವ ಸ್ಮಾರ್ಟ್ ಕ್ಲಾಸುಗಳ ಐದು ವರ್ಷದ ಗಡುವು 2030ರ ಆಸುಪಾಸಿಗೆ ಮುಗಿಯಲಿದೆ. ಆ ಹುದ್ದೆಗಳಿಗೆ ಮಂಜೂರಾತಿ ಸಿಗಬೇಕಾದದ್ದು ಅದಕ್ಕೂ ಮೊದಲು.